ಚೀನಾದ ಹುಲಿ, ನಿಜ್ವಾದ ಆಡು

ಹಿಂದೆ ನಮ್ಮ ಕಡೆ ಹೆಬ್ಬೆಟ್ಟು ಒತ್ತುತ್ತಿದ್ದವರು ಶಾಲೆಯ ಜಗಲಿ ಹತ್ತದವರು. ಈಗ ಕಾಲ ತಿರುಗಿದೆ. ಡಾಕ್ಟರಿ ಓದಲು ಚೀನಾಕ್ಕೆ ಹೋದ ಲಕ್ಷಿತ್ ತನ್ನ ತಂದೆ ಸಂಕಪ್ಪನಿಗೆ ಕಳಿಸುತ್ತಿದ್ದುದು ಹೆಬ್ಬೆಟ್ಟು ಮಾತ್ರ. "ಊಟ ಆಯ್ತಾ?" ಎಂದು ಇವನು ಒಮಾನಿನ ನಿಜ್ವಾದಿಂದ ಮೊಬೈಲಿನಲ್ಲಿ ಬರೆದು ಹಾಕಿದರೆ ಅಲ್ಲಿಂದ ಒಂದು ಹಳದಿ ಹೆಬ್ಬೆಟ್ಟು. "ಓದ್ತಾ ಇದ್ದೀಯಾ?" ಇನ್ನೊಂದು ಹೆಬ್ಬೆಟ್ಟು. "ಚಳಿ ಉಂಟಾ?" ಎಂದರೂ ಅದೇ. ಚಳಿ ಇದೆಯೋ, ಇಲ್ಲವೋ, ಇದ್ದರೂ ಹುಡುಗ ತಡೆದುಕೊಂಡಿದ್ದಾನೋ ಎಂಬುದನ್ನೆಲ್ಲ ತಂದೆಯಾದವನು ಆ ಬೆರಳಿನ ಬಾಗು ನೋಡಿ ತಿಳಿದುಕೊಳ್ಳಬೇಕು.

ಸಂಕಪ್ಪ ನಿಜ್ವಾದಲ್ಲಿ ನೀರಿನ ಪಂಪುಗಳ ಅಂಗಡಿಯೊಂದರ ಸ್ಟೋರ್ ನೋಡಿಕೊಳ್ಳುತ್ತಿದ್ದ. ಸುತ್ತಲೂ ಖರ್ಜೂರದ ತೋಟಗಳು. ತೋಟದವರಿಗೆ ಪಂಪು ಕೆಟ್ಟರೆ ನಿದ್ದೆ ಬಾರದು, ಪಂಪು ಸರಿ ಇದ್ದರೆ ಸಂಕಪ್ಪನ ನೆನಪೇ ಬಾರದು. ಅಂಗಡಿಯ ಹಿಂಬದಿಯ ಒಂದು ಕೋಣೆ, ಅದರ ಮೂಲೆಯಲ್ಲಿ ಒಂದು ಗ್ಯಾಸ್ ಒಲೆ, ಒಬ್ಬನಿಗಾಗುವಷ್ಟು ಕುಚ್ಚಲಕ್ಕಿ ಬೇಯುವ ಒಂದು ಕುಕ್ಕರ್. ಹೆಂಡತಿ ಲೋಲಾಕ್ಷಿ ಮೊದಲು ಇಲ್ಲಿಯೇ ಇದ್ದವಳು. ಮಗಳು ಅಕ್ಷಿತಾಳನ್ನು ಪಿಯುಸಿಗೆ ಸೇರಿಸಲೆಂದು ಪುತ್ತೂರಿಗೆ ಹೋದಳು. ಹೋಗುವಾಗ ದೊಡ್ಡ ಕುಕ್ಕರನ್ನು ತೊಳೆದು, ಬೋರಲು ಹಾಕಿ, ಕಪಾಟಿನ ಮೇಲೆ ಇಟ್ಟು ಹೋದಳು. ಅದು ಅಂದಿನಿಂದ ಹಾಗೆಯೇ ಬೋರಲಾಗಿ ಕೂತಿತ್ತು.

ಸಂಜೆಗೊಮ್ಮೆ ಸಂಕಪ್ಪ ರಸ್ತೆ ದಾಟಿ ಉಮರಬ್ಬರ ಬಕಾಲಾಕ್ಕೆ ಹೋಗುತ್ತಿದ್ದ. ಬಕಾಲಾ ಎಂದರೆ ನಮ್ಮ ದಿನಸಿ ಅಂಗಡಿಯೇ. ಉಮರಬ್ಬ ವಿಟ್ಲದ ಬ್ಯಾರಿ. ಅರಬ್ಬಿ, ಹಿಂದಿ, ತುಳು, ಮಲಯಾಳ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಕೊಡಬಲ್ಲವರು. ಗಲ್ಲಾದ ಹಿಂದಿನ ಪರದೆಯಾಚೆ ಅವರ ಮನೆ. ಹೆಂಡತಿ ಅವ್ವಮ್ಮ ಪರದೆಯ ಹೊರಗೆ ಬರುತ್ತಿದ್ದುದು ಅಪರೂಪ. ಅವರ ಮಾತು ಮಾತ್ರ ಧಾರಾಳವಾಗಿ ಬರುತ್ತಿತ್ತು.

"ಎಂತ ಸಂಕಪ್ಪಣ್ಣ, ಮಗನ ಸುದ್ದಿ ಎಂತ?" ಎಂದು ಉಮರಬ್ಬ ದಿನವೂ ಕೇಳುವರು.

"ಓದ್ತಾ ಇದ್ದಾನೆ ಬ್ಯಾರಿಗಳೇ."

"ಅದು ನಿನ್ನೆಯೂ ಹೇಳಿದ್ದೀರಿ. ಇವತ್ತಿದ್ದು ಹೇಳಿ."

ಇವತ್ತಿನದು ಸಂಕಪ್ಪನ ಹತ್ತಿರ ಇರುತ್ತಿರಲಿಲ್ಲ. ಉಮರಬ್ಬರ ಮಗ ಸಫ್ವಾನ್ ಮಸ್ಕತ್ತಿನ ರೂವಿಯಲ್ಲಿ ಊರಿಗೆ ಹಣ ಕಳಿಸುವ ಎಕ್ಸ್‌ಚೇಂಜ್ ಒಂದರಲ್ಲಿ ಕೆಲಸಕ್ಕಿದ್ದ. ಅವನು ಬೆಳಿಗ್ಗೆ ಏನು ತಿಂದ, ಯಾವ ಗಿರಾಕಿ ಜಗಳ ಮಾಡಿದ, ಎಷ್ಟು ಸಲ ಸೀನಿದ ಎಂಬುದೆಲ್ಲ ಪರದೆಯಾಚೆಯಿಂದ ದಿನವೂ ಪ್ರಸಾರವಾಗುತ್ತಿತ್ತು. ಸಂಕಪ್ಪ ಅದನ್ನು ಕೇಳಿ, ಒಂದು ಲಬಾನಿನ ಬಾಟಲಿ ಕೊಂಡು, ಆ ತಣ್ಣನೆಯ ಮಜ್ಜಿಗೆಯನ್ನು ಕುಡಿಯುತ್ತ ಕೋಣೆಗೆ ವಾಪಸಾಗುತ್ತಿದ್ದ.

ಹೀಗಿರುವಾಗ ಒಂದು ದಿನ, ಮಧ್ಯಾಹ್ನಕ್ಕೆ ಮುಚ್ಚಿದ ಅಂಗಡಿಯ ಶಟರನ್ನು ಸಂಕಪ್ಪ ಎತ್ತುತ್ತಿರುವಾಗ, ಜೇಬಿನಲ್ಲಿ ಮೊಬೈಲು ಟಿಣ್ ಎಂದಿತು. ಶಟರನ್ನು ಸೊಂಟದ ಮಟ್ಟದಲ್ಲೇ ಬಿಟ್ಟು ನೋಡಿದ. ಚೀನಾದಿಂದ ಒಂದು ಫೋಟೋ. ಹೆಬ್ಬೆಟ್ಟಲ್ಲ, ಫೋಟೋ!

ಅದರಲ್ಲಿ ಒಂದು ಹುಲಿಯಿತ್ತು. ಹಳದಿ ಮುಖ, ಕೆನ್ನೆಯಲ್ಲಿ ಕಪ್ಪು ಪಟ್ಟೆ, ಮೂಗಿನ ಎರಡೂ ಕಡೆ ಬಿಳಿ ಮೀಸೆ. ಹಣೆಯ ಮೇಲೆ ಅಡ್ಡಕ್ಕೆ ಮೂರು ಗೆರೆ, ಅವುಗಳ ನಡುವೆ ಮೇಲಿಂದ ಕೆಳಕ್ಕೆ ಒಂದು ಗೆರೆ. ಹಿಂದುಗಡೆ ಸಾಲಾಗಿ ಕೆಂಪು ದೀಪದ ಬುಟ್ಟಿಗಳು. ಮುಖ ಯಾರದೆಂದು ಸಂಕಪ್ಪನಿಗೆ ತಕ್ಷಣ ಗೊತ್ತಾಗಲಿಲ್ಲ. ಆಮೇಲೆ ಕಿವಿ ನೋಡಿದ. ಮುಚ್ಚಳ ತೆರೆದಿಟ್ಟ ಹಾಗೆ ಎರಡೂ ಬದಿಗೆ ಚಾಚಿದ ಆ ಕಿವಿ ಲೋಲಾಕ್ಷಿಯ ಅಣ್ಣ ದೂಮಪ್ಪ ಭಾವನ ಮನೆತನದ್ದು. ಅದನ್ನು ಮುಚ್ಚುವ ಬಣ್ಣ ಚೀನಾದಲ್ಲೂ ಇಲ್ಲ.

"ಇದು ಎಂತದು ಮಗಾ?" ಎಂದು ಬರೆದ.

"ಕಲ್ಚರಲ್ ಶೋ. ಮಜಾ ಬಂತು" ಎಂದು ಉತ್ತರ ಬಂತು. ಮೂರು ನಾಲ್ಕು ಪದಗಳ ಉತ್ತರ! ಈ ವರ್ಷದಲ್ಲಿ ಇಷ್ಟು ದೊಡ್ಡ ಪತ್ರ ಬಂದದ್ದು ಇದೇ ಮೊದಲು. ಸಂಕಪ್ಪ ಅರ್ಧ ತೆರೆದ ಶಟರನ್ನು ಮರೆತು ರಸ್ತೆ ದಾಟಿದ.

ಉಮರಬ್ಬ ಕನ್ನಡಕ ಏರಿಸಿ ನೋಡಿದರು. "ಯಾ ಅಲ್ಲಾ! ಪಿಲಿವೇಷವಾ? ಚೀನಾದಲ್ಲಿಯಾ?"

"ಹ್ಞೂಂ."

"ಕುಣಿದನಾ?"

ಈ ಒಂದು ಪ್ರಶ್ನೆಗೆ 'ಗೊತ್ತಿಲ್ಲ' ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಒಂದು ಆಡಿಗೆ ತೊಂದರೆಯೂ ತಪ್ಪುತ್ತಿತ್ತು. ಆದರೆ ಇವತ್ತು ಸಂಕಪ್ಪನ ಹತ್ತಿರ ಇವತ್ತಿನದೇ ಸುದ್ದಿ ಇತ್ತು. ಅದನ್ನು ಅರ್ಧಕ್ಕೆ ಬಿಡಲು ಮನಸ್ಸು ಬರಲಿಲ್ಲ.

"ಕುಣಿಯದೆ ಯಾರಾದರೂ ಬಣ್ಣ ಹಾಕ್ತಾರಾ ಬ್ಯಾರಿಗಳೇ? ದೊಡ್ಡ ಸ್ಟೇಜು. ಸಾವಿರಗಟ್ಟಲೆ ಜನ."

"ಯಾರು ಕಲಿಸಿದ್ದು?"

"ಮತ್ತೆ ಯಾರು? ನಾನೇ."

ಸಂಕಪ್ಪ ಜೀವಮಾನದಲ್ಲಿ ಹುಲಿವೇಷ ಹಾಕಿದವನಲ್ಲ. ಹುಡುಗನಾಗಿದ್ದಾಗ ದಸರೆಯ ಹುಲಿಗಳ ತಂಡದ ಹಿಂದೆ ಕುಡಿಯುವ ನೀರಿನ ಕೊಡಪಾನ ಹೊತ್ತು ನಡೆದವನು. ಹುಲಿಗಳಿಗೆ ಬಾಯಾರಿದಾಗ ಬಣ್ಣ ಕರಗದ ಹಾಗೆ ಗಂಟಲಿಗೆ ನೀರು ಬಿಡುವ ವಿದ್ಯೆ ಅವನಿಗೆ ಕೈವಶವಾಗಿತ್ತು. ಹೆಜ್ಜೆಗಳನ್ನೆಲ್ಲ ನೋಡಿದ್ದ, ಅವು ಕಣ್ಣಿನಲ್ಲಿ ಉಳಿದಿದ್ದವು. ಕಾಲಿಗೆ ಇಳಿದಿರಲಿಲ್ಲ.

ಆಗ ಪರದೆಯಾಚೆಯಿಂದ ಅವ್ವಮ್ಮನ ಸ್ವರ ಬಂತು. "ಅಲ್ಲ ಸಂಕಪ್ಪಣ್ಣ, ಯಾವ ಹರಕೆ?"

"ಎಂತ ಹರಕೆ?"

"ನಮ್ಮ ಊರಲ್ಲಿ ಮಕ್ಕಳಿಗೆ ಕಾಯಿಲೆ ಬಂದರೆ ಅಲ್ವಾ ವೇಷ ಹಾಕ್ತೇನೆ ಅಂತ ಹೇಳಿಕೊಳ್ಳುವುದು? ನಮ್ಮ ನೆರೆಮನೆಯವರ ಹುಡುಗ ಬೆನ್ನುನೋವಿಗೆ ಹಾಕಿದ್ದ. ಪಾಪ, ನಿಮ್ಮ ಹುಡುಗನಿಗೆ ಎಂತಾಗಿದೆ?"

"ಎಂತದೂ ಆಗಿಲ್ಲ" ಎಂದ ಸಂಕಪ್ಪ. ಉಮರಬ್ಬ ಫೋಟೋವನ್ನು ಹಿಗ್ಗಿಸಿ ಮತ್ತೊಮ್ಮೆ ನೋಡಿ, "ಸ್ವಲ್ಪ ಸಪೂರ ಆಗಿದ್ದಾನೆ ಅಲ್ವಾ?" ಎಂದು ಮೆಲ್ಲಗೆ ಹೇಳಿದರು. ಬಣ್ಣ ಬಳಿದ ಮುಖ ದಪ್ಪವೋ ಸಪೂರವೋ ಯಾರಿಗೆ ಗೊತ್ತಾಗುತ್ತದೆ? ಆದರೆ ಒಮ್ಮೆ ಸಪೂರ ಎಂದ ಮೇಲೆ ಅದು ಸಪೂರವಾಗಿಯೇ ಕಾಣತೊಡಗಿತು.

ಕೋಣೆಗೆ ಬಂದ ಸಂಕಪ್ಪ ಫೋಟೋವನ್ನು ವಾಟ್ಸಾಪಿನ ಸ್ಟೇಟಸ್ಸಿಗೆ ಹಾಕಿ, ಅದರ ಕೆಳಗೆ ಬಹಳ ಹೊತ್ತು ಯೋಚಿಸಿ ಬರೆದ: 'ಚೀನಾ ದೇಶದ ವೇದಿಕೆಯಲ್ಲಿ ನನ್ನ ಮಗನ ಹುಲಿವೇಷ.' ನೋಡಿದವರ ಹೆಸರುಗಳು ಒಂದೊಂದಾಗಿ ಬರತೊಡಗಿದವು. ಸಂಕಪ್ಪ ಅನ್ನ ಬೇಯುವವರೆಗೂ ಅದನ್ನೇ ನೋಡುತ್ತ ಕೂತ. ಇಷ್ಟು ಜನ ಅವನ ಕೋಣೆಗೆ ಬಂದು ಬಹಳ ಕಾಲವಾಗಿತ್ತು.

ಮೊದಲು ಬಂದ ಕರೆ ಲೋಲಾಕ್ಷಿಯದು.

"ಹೇಳಿ, ಮಗನಿಗೆ ಎಂತಾಗಿದೆ?"

"ಎಂತಾಗಿದೆ? ಆರಾಮ ಇದ್ದಾನೆ."

"ಆರಾಮ ಇದ್ದವ ಹಣೆಗೆ ವಿಭೂತಿ ಎಳೀತಾನಾ? ಮೂರು ಗೆರೆ ಕಾಣುವುದಿಲ್ವಾ ನಿಮಗೆ? ಇಲ್ಲಿದ್ದಾಗ ದೇವರ ಕೋಣೆಗೆ ಎಳೆದರೂ ಬಾರದವ! ನನ್ನಲ್ಲಿ ಒಂದು ಮಾತು ಹೇಳಲಿಲ್ಲ. ಅಪ್ಪ ಮಗ ಸೇರಿ ಮುಚ್ಚಿಟ್ಟಿದ್ದೀರಿ."

'ಅಪ್ಪ ಮಗ ಸೇರಿ' ಎಂಬ ಮಾತು ಸಂಕಪ್ಪನ ಕಿವಿಗೆ ಬೆಲ್ಲದ ಹಾಗೆ ಇಳಿಯಿತು. ತಾನೂ ಮಗನೂ ಸೇರಿ ಏನನ್ನಾದರೂ ಮುಚ್ಚಿಟ್ಟಿದ್ದೇವೆಂದು ಲೋಕದಲ್ಲಿ ಒಬ್ಬರಾದರೂ ನಂಬಿದ್ದಾರಲ್ಲ! ಇಲ್ಲ ಮಾರಾಯ್ತಿ, ಅವನು ನನಗೂ ಏನೂ ಹೇಳುವುದಿಲ್ಲ, ನಾನೂ ನಿನ್ನ ಹಾಗೆಯೇ ಫೋಟೋ ನೋಡಿದವನು ಎಂದು ಹೇಳಬೇಕಾಗಿತ್ತು. ಬಾಯಿಂದ ಬಂದದ್ದು ಬೇರೆ.

"ಹೆದರಬೇಡ. ಸಣ್ಣ ಹರಕೆ."

ಆ ಕಡೆಯಿಂದ ಮೊದಲು ಒಂದು 'ಅಯ್ಯೋ ದೇವರೇ'. ಮತ್ತೆ ಅಳು. ಅಳುವಿನ ಹಿಂದಿನಿಂದ ಅಕ್ಷಿತಾಳ ಸ್ವರ: "ಅಮ್ಮಾ, ಇಟ್ಸ್ ಜಸ್ಟ್ ಫೇಸ್ ಪೇಂಟ್!" ಅವಳ ಮಾತನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಸತ್ಯ ಹೇಳುವವರಿಗೆ ವಯಸ್ಸಾಗಿರಬೇಕು.

ಎರಡನೆಯ ಕರೆ ದೂಮಪ್ಪ ಭಾವನದು. ನಮ್ಮ ತುಳುನಾಡಿನಲ್ಲಿ ಮಕ್ಕಳಿಗೆ ಅಪ್ಪನಿಗಿಂತ ಸೋದರಮಾವ ಒಂದು ಮೆಟ್ಟಿಲು ಮೇಲೆ. ದೂಮಪ್ಪ ಭಾವ ಆ ಮೆಟ್ಟಿಲಿನಿಂದ ಎಂದೂ ಕೆಳಗಿಳಿದವರಲ್ಲ.

"ಸಂಕಪ್ಪ ಭಾವ, ಸಣ್ಣ ಹರಕೆ ಅಂದರೆ ಎಂತದು? ಹುಲಿವೇಷದಲ್ಲಿ ಸಣ್ಣದು ದೊಡ್ಡದು ಉಂಟಾ? ಮಾವ ಅಂತ ನಾನೊಬ್ಬ ಬದುಕಿದ್ದೇನೆ. ನನ್ನಲ್ಲಿ ಕೇಳದೆ ಅಳಿಯ ಹರಕೆ ಹೊತ್ತದ್ದು ಯಾವ ದೇವರಿಗೆ?"

"ಅದು... ಅಲ್ಲಿಯದ್ದೇ..."

"ಚೀನಾದ ದೇವರಿಗಾ? ಭಾಷೆ ಬರುತ್ತದಾ ಆ ದೇವರಿಗೆ? ಭಾವ, ಒಮ್ಮೆ ಬಣ್ಣ ಹಾಕಿದರೆ ಮೂರು ವರ್ಷ ಹಾಕಬೇಕು, ನಡುವೆ ಬಿಟ್ಟರೆ ಮೈಮೇಲೆ ಬರುತ್ತದೆ. ಹೇಳಿದ್ದೀರಾ ಅವನಿಗೆ?"

"ಹೇಳಿದ್ದೇನೆ" ಎಂದ ಸಂಕಪ್ಪ. ಆಗಲೇ ಮುಳುಗಿದವನಿಗೆ ಮಳೆಯ ಹೆದರಿಕೆ ಏನು?

ಮರುದಿನ ಸಂಕಪ್ಪ ಮಗನಿಗೆ ಫೋನು ಹಚ್ಚಲು ಹೊರಟ. ಅದೊಂದು ದೊಡ್ಡ ಕಸರತ್ತು. ಇಲ್ಲಿ ಹಿಡಿಯುವ ಆ್ಯಪು ಅಲ್ಲಿ ಹಿಡಿಯದು, ಅಲ್ಲಿ ನಡೆಯುವುದು ಇಲ್ಲಿ ನಡೆಯದು. ಎರಡೂ ಕಡೆ ದೇವರು ಕಣ್ಣು ಬಿಟ್ಟರೆ ಆ ಕಡೆ ಫೋನಿನ ಗಂಟೆಯಾಗುತ್ತದೆ. ಗಂಟೆಯಾಯಿತು, ಯಾರೂ ಎತ್ತಲಿಲ್ಲ. ಕೊನೆಗೆ ಬರೆದ: "ಮಗಾ, ನೀನು ಸೌಖ್ಯ ಉಂಟಾ, ಅಲ್ಲ ಹುಷಾರಿಲ್ವಾ?"

ಬಂತು ಉತ್ತರ. ಹೆಬ್ಬೆಟ್ಟು.

ಸಂಕಪ್ಪ ಆ ಹೆಬ್ಬೆಟ್ಟನ್ನು ನೋಡಿದ. ಸೌಖ್ಯಕ್ಕೆ ಹೆಬ್ಬೆಟ್ಟೋ, ಹುಷಾರಿಲ್ಲದ್ದಕ್ಕೆ ಹೆಬ್ಬೆಟ್ಟೋ? ಅಲ್ಲಿಯವರೆಗೆ ಊರಿಗೆಲ್ಲ ಸುಳ್ಳು ಹೇಳಿದವನು ಈಗ ಆ ಸುಳ್ಳನ್ನು ತಾನೇ ನಂಬತೊಡಗಿದ. ಹುಡುಗನಿಗೆ ನಿಜವಾಗಿಯೂ ಏನಾದರೂ ಆಗಿದ್ದರೆ? ಯಾರೂ ಇಲ್ಲದ ಊರಲ್ಲಿ, ಹೇಳಿಕೊಳ್ಳಲು ಯಾರೂ ಇಲ್ಲದೆ, ಹೆದರಿ ಹರಕೆ ಹೇಳಿಕೊಂಡಿದ್ದರೆ? ಫೋಟೋ ಮತ್ತೊಮ್ಮೆ ತೆಗೆದ. ಹೌದು, ಸಪೂರವಾಗಿಯೇ ಇದ್ದಾನೆ. ಕಣ್ಣು ಒಳಗೆ ಹೋಗಿದೆ. ಆ ನಗು ಕೂಡ ಬಣ್ಣದ್ದೇ ಇರಬೇಕು, ತುಟಿ ನಕ್ಕ ಹಾಗೆ ಕಾಣುವುದಿಲ್ಲ. 'ಮಜಾ ಬಂತು' ಎಂದು ಬರೆದದ್ದು ತಂದೆ ಹೆದರಬಾರದೆಂದೇ.

ಅಂದು ಅವನು ಒಬ್ಬ ತೋಟದವನಿಗೆ ಸಣ್ಣ ಪಂಪಿನ ಬದಲು ದೊಡ್ಡದನ್ನು ಕೊಟ್ಟ. ಅದು ಅಂಗಡಿಯ ಧಣಿ, ಇಲ್ಲಿಯ ಮಾತಿನಲ್ಲಿ ಅರ್ಬಾಬ್, ನಾಸರ್ ಅವರ ತಮ್ಮನ ತೋಟ. ಸಂಜೆಯೊಳಗೆ ನಾಸರ್ ತಾವೇ ಬಂದರು. ಬಿಳಿ ನಿಲುವಂಗಿ, ಕಸೂತಿಯ ಟೊಪ್ಪಿ, ಕೈಯಲ್ಲಿ ಕೋಲು. ಇಲ್ಲಿಯವರ ಬಾಯಲ್ಲಿ 'ಪ' ಸುಲಭಕ್ಕೆ ಹೊರಳದು, ಹಾಗಾಗಿ ಸಂಕಪ್ಪ ಅವರಿಗೆ 'ಸಂಕಾಬ'.

"ಸಂಕಾಬ! ಇಷ್ಟು ವರ್ಷದಲ್ಲಿ ನಿನ್ನಿಂದ ತಪ್ಪಾಗಿರಲಿಲ್ಲ. ಎಂತಾಯಿತು?" ಎಂದು ಅವರು ಹಿಂದಿ ಅರಬ್ಬಿಗಳನ್ನು ಕಲಸಿ ಕೇಳಿದರು.

ಸಂಕಪ್ಪ ಬಾಯಿ ತೆರೆಯುವ ಮೊದಲೇ, ಅಂಗಡಿಗೆ ಬಂದಿದ್ದ ಉಮರಬ್ಬ ಅರಬ್ಬಿಯಲ್ಲಿ ಎಲ್ಲವನ್ನೂ ವಿವರಿಸಿದರು. ಮಗ ದೂರದೇಶದಲ್ಲಿದ್ದಾನೆ, ಕಾಯಿಲೆ, ಯಾವುದೆಂದು ಅಪ್ಪ ಹೇಳುವುದಿಲ್ಲ, ದೇವರಿಗೆ ನಝ್ರ್ ಹೇಳಿಕೊಂಡಿದ್ದಾನೆ. ನಝ್ರ್ ಎಂದರೆ ಹರಕೆಯೇ. ಫೋಟೋ ತೋರಿಸಲಾಯಿತು. ನಾಸರ್ ಹುಲಿಯನ್ನು ನೋಡಿ ಹೌಹಾರಿ, "ಇದು ಕಾಯಿಲೆಯಾ?" ಎಂದರು.

"ಅಲ್ಲ ಅರ್ಬಾಬ್, ಇದು ಹರಕೆ. ಕಾಯಿಲೆ ಒಳಗಿದೆ" ಎಂದರು ಉಮರಬ್ಬ.

"ಮಾಫಿ ಮರೀಜ್ ಅರ್ಬಾಬ್, ಕಾಯಿಲೆ ಇಲ್ಲ, ಮಾಫಿ!" ಎಂದು ಸಂಕಪ್ಪ ತನಗೆ ಬರುವ ನಾಲ್ಕು ಅರಬ್ಬಿ ಮಾತುಗಳನ್ನೂ ಖರ್ಚು ಮಾಡಿದ. ಹೇಳುವಾಗ ಅವನ ಸ್ವರ ಸ್ವಲ್ಪ ಒಡೆಯಿತು, ಏಕೆಂದರೆ ಅದು ನಿಜವೋ ಅಲ್ಲವೋ ಎಂದು ಅವನಿಗೇ ಗೊತ್ತಿರಲಿಲ್ಲ. ನಾಸರ್ ಅದನ್ನು ಕೇಳಿ ತಲೆದೂಗಿದರು. ಎಂಥ ಧೈರ್ಯದ ತಂದೆ! ನೋವನ್ನು ನುಂಗಿಕೊಂಡು ಪಂಪು ಮಾರುತ್ತಿದ್ದಾನೆ. ಅವರು ಸಂಕಪ್ಪನ ಭುಜ ತಟ್ಟಿ, "ಖಲಾಸ್. ನಾನಿದ್ದೇನೆ" ಎಂದು ಹೇಳಿ ಹೊರಟುಹೋದರು.

ಅವರು ಇದ್ದಾರೆ ಎಂಬುದು ಶುಕ್ರವಾರ ಬೆಳಿಗ್ಗೆ ಗೊತ್ತಾಯಿತು.

ನಿಜ್ವಾದಲ್ಲಿ ಶುಕ್ರವಾರ ಆಡಿನ ಸಂತೆ. ಮಾರುವವರು ಆಡುಗಳನ್ನು ಹಗ್ಗ ಹಿಡಿದು ಸುತ್ತು ತಿರುಗಿಸುತ್ತಾರೆ, ಕೊಳ್ಳುವವರು ನಡುವೆಯೂ ಸುತ್ತಲೂ ನಿಂತು ಹಲ್ಲು ನೋಡುತ್ತಾರೆ. ಸಂತೆ ಮುಗಿಯುವ ಹೊತ್ತಿಗೆ ಸಂಕಪ್ಪನ ಕೋಣೆಯೆದುರು ನಾಸರ್ ಅವರ ಪಿಕಪ್ ನಿಂತಿತು. ಅದರಿಂದ ಒಂದು ಆಡು ಇಳಿಯಿತು. ಕಪ್ಪು ಮೈ, ಮೊಣಕಾಲಿಗೆ ಮುಟ್ಟುವ ಕಿವಿ, ಕತ್ತಿನಲ್ಲಿ ನೀಲಿ ಹಗ್ಗ. ಯಾವುದೋ ಕಚೇರಿಯ ಮೇಲಧಿಕಾರಿಯ ಹಾಗೆ ಸಂಕಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿತು.

"ನಿನ್ನ ಮಗನ ಹೆಸರಲ್ಲಿ. ಕೊಯ್ದು ಹಂಚು. ಯಲ್ಲಾ" ಎಂದು ಹಗ್ಗವನ್ನು ಸಂಕಪ್ಪನ ಕೈಗಿತ್ತು, ವಂದನೆಗೂ ಕಾಯದೆ ನಾಸರ್ ಜುಮಾ ನಮಾಜಿಗೆ ಹೋದರು.

ಸಂಕಪ್ಪ ಆಡನ್ನು ಎಳೆದುಕೊಂಡು ರಸ್ತೆ ದಾಟಿದ. ಅಥವಾ ಆಡು ಅವನನ್ನು ಎಳೆದುಕೊಂಡು ದಾಟಿತು. "ಬ್ಯಾರಿಗಳೇ, ಇದನ್ನು ನೀವು ಇಟ್ಟುಕೊಳ್ಳಿ."

ಉಮರಬ್ಬ ಎರಡು ಹೆಜ್ಜೆ ಹಿಂದೆ ಸರಿದರು. "ನಿಮ್ಮ ದೇವರ ಹರಕೆಗೆ ಬಂದದ್ದನ್ನು ನಾನು ಕೊಯ್ಯುವುದಾ? ನಾಳೆ ಹುಡುಗನಿಗೆ ಹೆಚ್ಚುಕಮ್ಮಿ ಆದರೆ ನನ್ನ ತಲೆಗೆ ಬರುವುದಿಲ್ವಾ? ನೀವೇ ಅಡಿಗೆ ಮಾಡಿ."

"ಲೋಲಾಕ್ಷಿ ಹರಕೆ ತೀರುವವರೆಗೆ ಮಾಂಸ ಮೀನು ಮುಟ್ಟಬಾರದು ಅಂದಿದ್ದಾಳೆ."

"ಹಾಗಾದರೆ ಅರ್ಬಾಬಿಗೆ ವಾಪಸ್ ಕೊಡಿ."

ಪರದೆಯಾಚೆಯಿಂದ ಅವ್ವಮ್ಮ ತೀರ್ಪು ಕೊಟ್ಟರು: "ಮಗನ ಜೀವದ ಮೇಲೆ ಕೊಟ್ಟದ್ದನ್ನು ವಾಪಸ್ ಕೊಡುವುದಾ? ಬೇಡಪ್ಪ, ಬೇಡ! ಸಾಕಿಕೊಳ್ಳಿ. ಒಬ್ಬರೇ ಇದ್ದೀರಲ್ಲ."

ಆ ಕೊನೆಯ ಮಾತನ್ನು ಅವರು ಒಳ್ಳೆಯದಕ್ಕೇ ಹೇಳಿದ್ದು. ಸಂಕಪ್ಪ ಆಡನ್ನು ತನ್ನ ಕೋಣೆಯ ಕಡೆಗೆ ತಿರುಗಿಸಿದ.

ಹೊರಗೆ ಬಿಸಿಲು ಕೆಂಡದಂತಿತ್ತು. ಬಾಗಿಲ ಹೊರಗೆ ಕಟ್ಟಿದರೆ ಆಡು ಸಾಯುತ್ತದೆ, ಸತ್ತರೆ ಅದೂ ಮಗನ ಹೆಸರಲ್ಲಿ. ಕೋಣೆಯೊಳಗೆ ತಂದು ಮಂಚದ ಕಾಲಿಗೆ ಕಟ್ಟಿ ಎ.ಸಿ. ಹಾಕಿದ. ಆಡು ಮೊದಲು ಪಂಪಿನ ಖಾಲಿ ರಟ್ಟಿನ ಪೆಟ್ಟಿಗೆಯೊಂದನ್ನು ತಿಂದಿತು. ಮತ್ತೆ ಕಳೆದ ವರ್ಷದ ಕ್ಯಾಲೆಂಡರು. ಸಂಕಪ್ಪ ಅನ್ನಕ್ಕೆ ಬರೀ ಉಪ್ಪಿನಕಾಯಿ ಹಾಕಿಕೊಂಡು ಅದರೆದುರು ಕೂತ. ಎಷ್ಟೋ ತಿಂಗಳ ನಂತರ ಆ ಕೋಣೆಯಲ್ಲಿ ಎರಡು ಬಾಯಿ ಒಟ್ಟಿಗೆ ಅಗಿಯುತ್ತಿದ್ದವು.

"ಊಟ ಆಯ್ತಾ?" ಎಂದು ಅಭ್ಯಾಸಬಲದಿಂದ ಕೇಳಿದ.

"ಮ್ಯಾ" ಎಂದಿತು ಆಡು. ಹೆಬ್ಬೆಟ್ಟಿಗಿಂತ ಅದು ಮೇಲು ಎಂದು ಸಂಕಪ್ಪನಿಗೆ ಅನಿಸಿತು.

ಅಸರ್ ನಮಾಜಿನ ಬಾಂಗು ಮುಗಿದು ಸ್ವಲ್ಪ ಹೊತ್ತಾಗಿರಬೇಕು, ಮೊಬೈಲು ಹೊಡೆದುಕೊಳ್ಳತೊಡಗಿತು. ಲಕ್ಷಿತ್! ಮುಖ ಕಾಣುವ ಕರೆ! ಸಂಕಪ್ಪ ಅವಸರದಲ್ಲಿ ತಟ್ಟೆಯನ್ನು ಆಡಿನ ಮುಂದೆಯೇ ಇಟ್ಟು, ಕೈಯನ್ನು ಬನಿಯನ್ನಿಗೆ ಒರೆಸಿ ಎತ್ತಿದ.

ಪರದೆಯಲ್ಲಿ ಮಗನ ಮುಖ ಬಂತು. ಬಣ್ಣವಿಲ್ಲದ, ಸಪೂರವೂ ಅಲ್ಲದ, ಸಿಟ್ಟಿನಿಂದ ಕೆಂಪಾದ ಮುಖ.

"ಅಪ್ಪಾ! ಎಂತದು ಹರಕೆ? ಯಾರಿಗೆ ಹರಕೆ? ದೂಮಪ್ಪ ಮಾವ ದಿನಾ ಫೋನ್ ಮಾಡ್ತಾರೆ, ಮುಂದಿನ ವರ್ಷವೂ ಬಣ್ಣ ಹಾಕದಿದ್ದರೆ ಕಣ್ಣು ಹೋಗ್ತದಂತೆ. ಅಮ್ಮ ಎರಡು ದಿನ ಒಂದೇ ಅಳು. ನಾನು ಕ್ಲಾಸಲ್ಲಿ ಇರುವಾಗ ಊರಿನವರು 'ನಿನ್ನ ಕಿಡ್ನಿ ಸರಿ ಉಂಟಾ' ಅಂತ ಕೇಳ್ತಾರೆ. ಎಂತ ಹೇಳಿದ್ದೀರಿ ನೀವು?"

"ಕಿಡ್ನಿ ನಾನು ಹೇಳಿದ್ದಲ್ಲ" ಎಂದ ಸಂಕಪ್ಪ. "ನಾನು ಸಣ್ಣ ಹರಕೆ ಅಂತ ಮಾತ್ರ..."

"ಯಾಕೆ ಹೇಳಿದ್ದು?"

"ಕೇಳ್ತಾರಲ್ಲ ಮಗಾ. ನನಗೆ ಗೊತ್ತಿರಬೇಕಲ್ಲ ಎಂತಾದರೂ. ನೀನು ಹೆಬ್ಬೆಟ್ಟು ಹಾಕ್ತೀ."

"ನೀವು ಕೇಳುವುದು ಮೂರೇ. ಊಟ ಆಯ್ತಾ, ಓದ್ತಿದ್ದೀಯಾ, ಚಳಿ ಉಂಟಾ. ಅದಕ್ಕೆ ಹೆಬ್ಬೆಟ್ಟು ಸಾಕಲ್ಲ?"

ಹೌದು, ಸಾಕು. ಸಂಕಪ್ಪ ನಾಲ್ಕನೆಯ ಪ್ರಶ್ನೆಗಾಗಿ ತಲೆ ಕೆರೆದುಕೊಂಡ. ಸಿಗಲಿಲ್ಲ. ಇನ್ನೇನು ಮಗ 'ಆಯ್ತು, ಇಡ್ತೇನೆ' ಎನ್ನಬೇಕು, ಅಷ್ಟರಲ್ಲಿ ಆಡು ತಟ್ಟೆಯನ್ನು ಬುಡಮೇಲು ಮಾಡಿ, ಉಪ್ಪಿನಕಾಯಿಯ ಖಾರ ತಾಗಿ, ಇಡೀ ನಿಜ್ವಾಕ್ಕೆ ಕೇಳುವ ಹಾಗೆ ಅರಚಿತು.

"ಅದು ಎಂತ ಶಬ್ದ?"

"ಆಡು."

"ರೂಮಿನಲ್ಲಾ?"

"ನಿನ್ನದೇ ಆಡು. ನಿನ್ನ ಕಿಡ್ನಿಗೆ ಅರ್ಬಾಬ್ ಕೊಟ್ಟದ್ದು" ಎಂದು ಹೇಳಿ ಸಂಕಪ್ಪ ಮೊಬೈಲನ್ನು ತಿರುಗಿಸಿ ತೋರಿಸಿದ. ಆಡು ಗಡ್ಡದಲ್ಲಿ ಅನ್ನ ಅಂಟಿಸಿಕೊಂಡು ಚೀನಾದ ಕಡೆ ಗಂಭೀರವಾಗಿ ನೋಡಿತು.

ಲಕ್ಷಿತ್ ನಕ್ಕುಬಿಟ್ಟ. ಸಣ್ಣದಾಗಿ ಸುರುವಾದದ್ದು, ನಿಲ್ಲಿಸಲು ಹೋದರೂ ನಿಲ್ಲದ ನಗು. ಸಂಕಪ್ಪನೂ ನಕ್ಕ, ಆದರೆ ಸ್ವಲ್ಪ ಮೆಲ್ಲಗೆ, ಆ ಕಡೆಯ ನಗು ಕೇಳಿಸಬೇಕಲ್ಲ. ನಗು ಇಳಿಯುತ್ತಿದ್ದಂತೆ ಅವನಿಗೆ ನಾಲ್ಕನೆಯ ಪ್ರಶ್ನೆ ಹೊಳೆಯಿತು.

"ಆವತ್ತು ಎಂತಾಯ್ತು ಮಗಾ? ಸುರುವಿನಿಂದ ಹೇಳು."

ಹುಡುಗ ಹೇಳಿದ. ಕಾಲೇಜಿನವರು ಒಂದು ಶೋಗೆ ಎಲ್ಲರಿಗೂ ಟಿಕೆಟು ಕೊಟ್ಟಿದ್ದರು. ಜೊತೆಯ ಕೇರಳದ ಹುಡುಗರು ಹತ್ತಿದ ಬಸ್ಸು ಅವನಿಗೆ ತಪ್ಪಿತು, ಆಮೇಲಿನ ಬಸ್ಸಿನಲ್ಲಿ ಒಬ್ಬನೇ ಹೋದ. ಅವನಿಗೆ ಸಿಕ್ಕ ಸೀಟು ಒಂದು ಶಾಲೆಯ ಮಕ್ಕಳ ಸಾಲಿನಲ್ಲಿ. ಹೊರಗಿನ ಹಜಾರದಲ್ಲಿ ಒಬ್ಬಳು ಅಜ್ಜಿ ಮಕ್ಕಳ ಮುಖಕ್ಕೆ ಬಣ್ಣ ಹಾಕುತ್ತಿದ್ದಳು. ಮಾತಾಡಲು ಯಾರೂ ಇಲ್ಲದ್ದರಿಂದ ಇವನೂ ಆ ಮಕ್ಕಳ ಸಾಲಿನಲ್ಲಿ ನಿಂತ. ಅಜ್ಜಿ ಚಿತ್ರಗಳ ಹಲಗೆ ತೋರಿಸಿದಳು: ಮೊಲ, ಚಿಟ್ಟೆ, ಹುಲಿ.

"ಹುಲಿಗೆ ಬೆರಳಿಟ್ಟೆ. ಅಷ್ಟೇ ಅಪ್ಪ. ಹಣೆಯ ಮೇಲಿನದ್ದು ವಿಭೂತಿ ಅಲ್ಲ, ಅದು ಅವರ ಅಕ್ಷರ, ರಾಜ ಅಂತ ಅರ್ಥ. ಹುಲಿಗೆ ಹಾಗೆ ಬರೀತಾರೆ."

"ನೀನು ಸ್ಟೇಜು ಹತ್ತಲಿಲ್ವಾ?"

"ಇಲ್ಲಪ್ಪ. ಸ್ಟೇಜಲ್ಲಿ ಸಿಂಹ ಕುಣಿಯಿತು, ಒಳಗೆ ಇಬ್ಬರು ಜನ. ಕಂಬದಿಂದ ಕಂಬಕ್ಕೆ ಹಾರುವುದು. ಅದರ ಡೋಲು ಉಂಟಲ್ಲ, ಅದು ನಮ್ಮ ತಾಸೆಯ ಹಾಗೆಯೇ. ಕಾಲು ಸುಮ್ಮನೆ ನಿಲ್ಲಲಿಲ್ಲ. ಮುಗಿದ ಮೇಲೆ ಹಜಾರದಲ್ಲಿ ಮಕ್ಕಳು ಫೋಟೋ ತೆಗೆಯಲಿಕ್ಕೆ ಬಂದರು. ನಾನು ಎರಡು ಹೆಜ್ಜೆ ಹಾಕಿದೆ. ಎಲ್ಲ ಕೈ ತಟ್ಟಿದರು. ಇನ್ನೂ ಹಾಕು ಅಂತ ಸನ್ನೆ ಮಾಡಿದರು. ನನಗೆ ಬರುವುದು ಎರಡೇ, ಊರಿನ ದಸರೆಯಲ್ಲಿ ನೋಡಿ ಕಲಿತದ್ದು." ಅವನು ಸ್ವಲ್ಪ ತಡೆದ. "ಮೂರನೆಯದು ಹೇಗೆ ಅಪ್ಪ?"

ಈ ಹೊತ್ತಿಗೆ ಸಂಕಪ್ಪ 'ನನಗೂ ಬಾರದು' ಎನ್ನಬಹುದಿತ್ತು, ಅದು ನಿಜವೂ ಹೌದು. ಆದರೆ ಅವನು ಮೊಬೈಲನ್ನು ಪಂಪಿನ ಪೆಟ್ಟಿಗೆಯ ಮೇಲೆ, ಕಪಾಟಿನಿಂದಿಳಿಸಿದ ದೊಡ್ಡ ಕುಕ್ಕರಿಗೆ ಒರಗಿಸಿಟ್ಟ. ಲುಂಗಿಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿದ.

"ನೋಡು. ಮೊದಲು ಬಗ್ಗಬೇಕು. ನಡು ನೆಟ್ಟಗಿರಬಾರದು. ಕೈ ಹೀಗೆ, ಉಗುರು ಹೊರಗೆ. ಎಡಗಾಲು ಎಳೆದು, ಬಲಗಾಲು ತಟ್ಟಿ..."

"ಕಾಲು ಕಾಣುವುದಿಲ್ಲ. ಹಿಂದೆ ಹೋಗಿ."

ಸಂಕಪ್ಪ ಹಿಂದೆ ಹೋದ. ಬಾಯಲ್ಲೇ ತಾಸೆ ಬಾರಿಸಿದ. ಕೊಡಪಾನ ಹೊತ್ತವನ ಕಾಲಿಗೆ ಇಷ್ಟು ವರ್ಷಗಳ ಮೇಲೆ ಕಣ್ಣಿನಿಂದ ಹೆಜ್ಜೆ ಇಳಿಯತೊಡಗಿತು. ಮೊದಲು ತಪ್ಪಿತು, ಮತ್ತೆ ಸಿಕ್ಕಿತು. ಮೂರನೆಯ ಹೆಜ್ಜೆಗೆ ಹುಲಿ ಅರ್ಧ ಸುತ್ತು ತಿರುಗಿ, ಬೆನ್ನು ಕೊಟ್ಟು, ಫಕ್ಕನೆ ಹಾರಿ ಎದುರಾಗಬೇಕು. ಸಂಕಪ್ಪ ತಿರುಗಿದ. ಕಣ್ಣು ಮುಚ್ಚಿತ್ತು. ಬೊಜ್ಜು ಒಂದು ಕಡೆ, ಅವನು ಒಂದು ಕಡೆ. ಆಡು ಗೋಡೆಗೆ ಅಂಟಿ ನಿಂತು ಈ ಹೊಸ ಪ್ರಾಣಿಯನ್ನು ಕಣ್ಣರಳಿಸಿ ನೋಡುತ್ತಿತ್ತು. "ಕಾಣ್ತದಾ ಮಗಾ? ಈಗ ಹಾರುವುದು... ಈಗ!" ಎಂದು ಕೂಗಿ ಹಾರಿದ. ಮತ್ತೆ ಹಾರಿದ. ಇನ್ನೊಮ್ಮೆ ಬಗ್ಗಿ, ಆಡಿನ ಕಡೆಗೆ ಉಗುರು ಚಾಚಿ, ಹೂಂಕರಿಸಿದ.

"ಈಗ ಕಚ್ಚುತ್ತಾರೆ ನೋಡಿ" ಎಂಬ ಪಿಸುಮಾತು ಕೇಳಿ ಕಣ್ಣು ಬಿಟ್ಟ.

ಬಾಗಿಲಲ್ಲಿ ಉಮರಬ್ಬ. ಅವರ ಹಿಂದೆ ಕೈಯಲ್ಲಿ ಪತ್ತಿರ್ ರೊಟ್ಟಿಯ ಡಬ್ಬಿ ಹಿಡಿದು, ಪರದೆ ದಾಟುವುದೇ ಅಪರೂಪವಾದ ಅವ್ವಮ್ಮ. ಅವರ ಹಿಂದೆ, ಆಡು ಕೊಯ್ದು ಹಂಚಿಯಾಯಿತೇ ಎಂದು ನೋಡಲು ಬಂದ ನಾಸರ್. ನಮ್ಮೂರಿನ ಹುಲಿಗಳು ಕುಣಿತದ ಕೊನೆಗೆ ಆಡನ್ನು ಹಲ್ಲಿನಲ್ಲಿ ಕಚ್ಚಿ ಹೆಗಲಾಚೆ ಎಸೆಯುತ್ತಿದ್ದ ಕಾಲವೊಂದಿತ್ತು. ಉಮರಬ್ಬ ಅದನ್ನು ಕಂಡವರು. ಅದಕ್ಕೇ ಎರಡು ಕೈಯಲ್ಲೂ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದಿದ್ದರು.

ಸಂಕಪ್ಪ ಏದುಸಿರು ಬಿಡುತ್ತ ಮೊಬೈಲಿನ ಕಡೆ ತಿರುಗಿದ. ಪರದೆ ಕಪ್ಪಾಗಿತ್ತು. ಯಾವಾಗ ಕಪ್ಪಾಯಿತೋ! ಮೊದಲ ಹಾರುವಿಕೆಗೋ, ಅದಕ್ಕೂ ಮೊದಲೋ. ಅಷ್ಟು ಹೊತ್ತು ಅವನು ಕುಣಿದದ್ದು ಒಂದು ಆಡಿನೆದುರು, ಒಂದು ಕುಕ್ಕರಿನೆದುರು. ಕಪ್ಪು ಗಾಜಿನಲ್ಲಿ ಅವನದೇ ಬೆವರಿದ ಮುಖ ಕಾಣುತ್ತಿತ್ತು.

"ಯಾ ಉಮರ್, ಇದು ಎಂತದು?" ಎಂದು ನಾಸರ್ ಕೆಳದನಿಯಲ್ಲಿ ಕೇಳಿದರು.

"ನಝ್ರ್, ಅರ್ಬಾಬ್" ಎಂದರು ಉಮರಬ್ಬ, ಅದಕ್ಕಿಂತಲೂ ಕೆಳದನಿಯಲ್ಲಿ. "ಮಗನದ್ದನ್ನು ಅಪ್ಪ ತೀರಿಸ್ತಾ ಇದ್ದಾರೆ. ಇನ್ನೂ ಎರಡು ವರ್ಷ ಉಂಟು."

ನಾಸರ್ ಎದೆಯ ಮೇಲೆ ಕೈಯಿಟ್ಟು ತಲೆಬಾಗಿದರು. ಅವ್ವಮ್ಮ ಡಬ್ಬಿಯನ್ನು ಮೆಲ್ಲಗೆ ಹೊಸ್ತಿಲಲ್ಲಿ ಇಟ್ಟರು, ಹುಲಿಗೆ ಇಡುವ ಹಾಗೆ, ಸ್ವಲ್ಪ ದೂರದಲ್ಲಿ.

"ಸಂಕಪ್ಪಣ್ಣ," ಎಂದರು ಉಮರಬ್ಬ ಚೌಕಟ್ಟು ಬಿಡದೆಯೇ, "ನಿಮಗೆ ಈ ಆಡಿನಿಂದ ಕಷ್ಟ ಆದರೆ ನಾನೇ ಕೊಂಡು ಹೋಗ್ತೇನೆ, ಆಯ್ತಾ? ಕೊಯ್ಯುವುದಿಲ್ಲ. ಅಂಗಡಿಯ ಹಿಂದೆ ಕಟ್ಟಿಹಾಕ್ತೇನೆ."

ಆಗ ಮೊಬೈಲು ಟಿಣ್ ಎಂದಿತು. ಸಂಕಪ್ಪ ಲುಂಗಿಯನ್ನು ಕೆಳಗೆ ಬಿಟ್ಟು, ಬೆವರು ಕಣ್ಣಿಗೆ ಇಳಿಯುತ್ತಿದ್ದಂತೆಯೇ ಮೊಬೈಲನ್ನು ದೂರ ಹಿಡಿದು ಓದಿದ.

"ನೆಟ್ ಹೋಯ್ತು ಅಪ್ಪ. ತಿರುಗುವವರೆಗೆ ಕಂಡಿತು. ಹಾರುವುದು ಕಾಣಲಿಲ್ಲ. ನಾಳೆ ಇದೇ ಹೊತ್ತಿಗೆ ಮಾಡ್ತೇನೆ, ತೋರಿಸ್ತೀರಾ?"

ಬರೆಯಲು ಬಹಳ ಇತ್ತು. ಹಾರುವಾಗ ಉಸಿರು ಎಲ್ಲಿ ಹಿಡಿಯಬೇಕು, ಮಂಡಿಗೆ ಎಣ್ಣೆ ಹಚ್ಚಬೇಕು, ನಾಳೆ ನೆಟ್ಟು ಇರುವ ಜಾಗ ನೋಡಿ ನಿಲ್ಲು, ನೀನು ಆ ದಿನ ಒಬ್ಬನೇ ಬಸ್ಸಿನಲ್ಲಿ ಹೋಗಿದ್ದು ನನಗೆ ಗೊತ್ತಿರಲಿಲ್ಲ ಮಗಾ. ಆದರೆ ಬಾಗಿಲಲ್ಲಿ ಮೂರು ಜನ ಉಸಿರು ಬಿಗಿಹಿಡಿದು ನಿಂತಿದ್ದರು, ಕುಣಿತದಲ್ಲಿ ಬಿದ್ದ ಅವನ ಕನ್ನಡಕ ಎಲ್ಲಿಯೋ ಆಡಿನ ಕಾಲಡಿಯಲ್ಲಿತ್ತು.

"ಬೇಡ ಬ್ಯಾರಿಗಳೇ," ಎಂದ ಸಂಕಪ್ಪ. "ಆಡು ಇಲ್ಲೇ ಇರಲಿ. ನಾಳೆಗೆ ಬೇಕು."

ಹೇಳಿ, ಮಗನಿಗೆ ಒಂದು ಹೆಬ್ಬೆಟ್ಟು ಒತ್ತಿದ.